ಮೆಲ್ಲಗೆ ಹೇಳಿದ ಹೆಸರಿಗೊಂದು ಸೌಂಡ್ ಕಾರ್ಡು

ಮಧುಗಿರಿಯಲ್ಲಿ ಈ ಕಾಲದಲ್ಲಿ ಸೌಂಡ್ ಕಾರ್ಡು ಕೇಳಿಕೊಂಡು ಅಂಗಡಿ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಇರಬೇಕು. ಕಂಪ್ಯೂಟರ್ ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಈವಾಗ ಅದನ್ನ ಯಾರು ಹಾಕುಸ್ತಾರೆ ಸಾರ್? ಮದರ್ ಬೋರ್ಡಲ್ಲೇ ಸೌಂಡು ಬರ್ತದಲ್ಲ" ಅಂದ. "ಬರ್ತದೆ ಕಣಪ್ಪ, ಅದರ ಜೊತೆಗೆ ಗುಂಯ್ ಅಂತ ಇನ್ನೊಂದೂ ಬರ್ತದೆ. ಆ ಗುಂಯ್ ನಂಗೆ ಬ್ಯಾಡ" ಅಂದೆ. ಅವನು ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ನನ್ನ ಮೂಗಿನ ತುದಿಯಲ್ಲೇ ಬಾಡಿಗೆಗಿದೆ ಅಂತ ನನ್ನ ಹೆಂಡತಿ ಹೇಳುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು, ಕೋಪ ಮಾತ್ರ ಮನೆ ಖಾಲಿ ಮಾಡಿಲ್ಲ. ಛತ್ರಿ ಅಲ್ಲೇ ಬಿಟ್ಟು ಎದ್ದು ಬಂದೆ, ಆಮೇಲೆ ಛತ್ರಿಗೋಸ್ಕರ ಮತ್ತೆ ಹೋಗಬೇಕಾಯಿತು.

ನಾನು ಪತ್ರ ಬರಹಗಾರ. ನೋಂದಣಿ ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಮೂವತ್ತು ಚಿಲ್ಲರೆ ವರ್ಷ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದವನು. ಮೊದಲು ಕೈಯಲ್ಲಿ ಬರೆಯುತ್ತಿದ್ದೆ, ಆಮೇಲೆ ಟೈಪ್ ಮಿಷನ್ನು ಬಂತು, ಈಗ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಪತ್ರದಲ್ಲಿ ಗಂಡಸಿನ ಹೆಸರಾದಮೇಲೆ ‘ಬಿನ್’ ಅಂತ ಹಾಕಿ ಅವನ ಅಪ್ಪನ ಹೆಸರು ಬರೆಯಬೇಕು. ಮದುವೆಯಾದ ಹೆಂಗಸಾದರೆ ‘ಕೋಂ’ ಅಂತ ಹಾಕಿ ಗಂಡನ ಹೆಸರು. ಆ ‘ಕೋಂ’ ಬಂತೋ, ನನ್ನ ಪೆನ್ನು ಗಾಳಿಯಲ್ಲೇ ನಿಲ್ಲೋದು. ಐ.ಡಿ.ಹಳ್ಳಿ ಕಡೆಯಿಂದ ಬಂದ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಅದ್ನ ನಾನೆಂಗ್ ಹೇಳ್ಲಿ ಸ್ವಾಮಿ, ಅಗೋ ಅಲ್ಲಿ ಬೀಡಿ ಸೇದ್ತಾ ನಿಂತವ್ರಲ್ಲ, ಅವ್ರನ್ನೇ ಕೇಳ್ಕಳಿ" ಅನ್ನೋಳು. ಇನ್ನೊಬ್ಬಳು "ಏಳು ಬೆಟ್ಟದ ಮ್ಯಾಲೆ ಕುಂತಿರೋ ದ್ಯಾವ್ರ ಹೆಸ್ರೇಯ" ಅನ್ನೋಳು. ಗಂಡನ ಹೆಸರು ಹೆಂಡತಿ ಬಾಯಿಗೆ ಬಂದರೆ ಅವನ ಆಯಸ್ಸು ಸವೆಯುತ್ತದೆ ಅಂತ ಇವರ ನಂಬಿಕೆ. "ಹೆಸರು ಹೇಳದಿದ್ರೆ ಜಮೀನು ನಿಮ್ಮ ಹೆಸರಿಗೆ ಆಗಲ್ಲಮ್ಮ, ಮನೆಗೆ ನಡೀರಿ" ಅಂತ ನಾನು ರೇಗುತ್ತಿದ್ದೆ. ರೇಗಿ ಸಂಜೆ ಮನೆಗೆ ಬಂದರೆ, ಅಲ್ಲೂ ಅದೇ ಕತೆ.

ನನ್ನ ಹೆಂಡತಿ ಪಾವಗಡ ತಾಲ್ಲೂಕಿನವಳು, ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಳ್ಳಿ. ಕನ್ನಡದಲ್ಲಿ ಶುರು ಮಾಡಿದ ಮಾತು ಎಷ್ಟೋ ಸಲ ತೆಲುಗಿನಲ್ಲಿ ಮುಗಿಯೋದು. ನನ್ನನ್ನು ಕರೆಯೋಕೆ ಅವಳ ಹತ್ತಿರ "ಏನೂ ಅಂದ್ರೆ" ಇತ್ತು, "ಇಲ್ನೋಡಿ" ಇತ್ತು, ಬೇರೆಯವರ ಮುಂದೆ "ನಮ್ಮನೆಯವ್ರು" ಇತ್ತು. ಹೆಸರು ಮಾತ್ರ ಇರಲಿಲ್ಲ. ಕಡೆಯ ಸಲ ತುಮಕೂರಿನ ಆಸ್ಪತ್ರೆಗೆ ಸೇರಿಸುವಾಗ ನರ್ಸಮ್ಮ ಫಾರಂ ಹಿಡಿದು "ಗಂಡನ ಹೆಸರು?" ಅಂದರೆ ಇವಳು ಆ ಉಬ್ಬಸದಲ್ಲೂ ನನ್ನ ಕಡೆ ಬೆರಳು ತೋರಿಸಿದಳು. "ಪೇಷಂಟಿಗೆ ಮಾತು ಬರಲ್ವಾ?" ಅಂತ ನರ್ಸಮ್ಮ ನನ್ನನ್ನು ಕೇಳಿದಳು. ನನಗೆ ನಗು ಬಂತು, ಇವಳಿಗೂ ಬಂತು. ಇವಳ ಜೊತೆ ನಕ್ಕಿದ್ದು ಅದೇ ಕೊನೆ.

ಮೂವತ್ತೊಂದು ವರ್ಷದಲ್ಲಿ ಅವಳು ನನ್ನ ಹೆಸರು ಹೇಳಿದ್ದು ಒಂದೇ ಒಂದು ಸಲ. ಮದುವೆ ಮುಗಿಸಿ ನಮ್ಮ ಮನೆ ತುಂಬಿಸಿಕೊಳ್ಳುವಾಗ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತರು. ಹೊಸ ಸೊಸೆ ಒಗಟು ಕಟ್ಟಿ ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು, ಹೇಳಿದರೇನೇ ಹೊಸಲು ದಾಟೋದು. ಆ ಒಂದು ಗಳಿಗೆಗೆ ಮಾತ್ರ ಹೆಸರಿಗೆ ದೋಷವಿಲ್ಲ. ನಮ್ಮ ದೊಡ್ಡ ಬಾವ ಹೊಸದಾಗಿ ಕೊಂಡಿದ್ದ ಟೇಪ್ ರೆಕಾರ್ಡರನ್ನು ಬಾಗಿಲ ಪಕ್ಕ ಹಿಡಿದು ನಿಂತಿದ್ದರು. ಇವಳು ತಲೆ ತಗ್ಗಿಸಿ ಶುರು ಮಾಡಿದಳು:

"ನಿಡುಗಲ್ಲಿನ ಬೆಟ್ಟ ಇಳ್ಕಂಡು ಬಂದೆ,
ಮಧುಗಿರಿ ಬೆಟ್ಟ ನೋಡ್ಕಂಡು ನಿಂದೆ,
ಎಲ್ಡು ಬೆಟ್ಟದ ನಡುವೆ ಕೈ ಹಿಡ್ದು ತಂದೋರು..."

ಆಮೇಲೆ ನನ್ನ ಹೆಸರು. ಪಕ್ಕದಲ್ಲೇ ನಿಂತಿದ್ದವನು ನಾನು, ನನಗೇ ಅದು ಸರಿಯಾಗಿ ಕೇಳಿಸಲಿಲ್ಲ. ನಾಚಿಕೆಯಿಂದ ನನ್ನ ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುತ್ತಿತ್ತು. "ಹೇಳ್ಬುಟ್ಳು, ಹೇಳ್ಬುಟ್ಳು!" ಅಂತ ಎಲ್ಲರೂ ಚಪ್ಪಾಳೆ ಹೊಡೆದರು, ನಮ್ಮಮ್ಮ "ಒಳೀಕೆ ಬಾರವ್ವ" ಅಂದರು. ನೆನಪಿರೋದು ಅಷ್ಟೇ.

ಆ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಬಾವ ನಮಗೇ ಉಡುಗೊರೆ ಕೊಟ್ಟರು. ಮೊದಮೊದಲು ಮನೆಗೆ ಯಾರೇ ಬಂದರೂ ಕಾಫಿ ಜೊತೆಗೆ ಅದನ್ನೊಂದು ಸಲ ಹಾಕೋದು, ಹೆಸರು ಬರೋ ಹೊತ್ತಿಗೆ ಎಲ್ಲರೂ ಹೋ ಅಂತ ನಗೋದು, ಇವಳು ಅಡುಗೆಮನೆಗೆ ಓಡೋದು. ಆ ಗಲಾಟೆಯಲ್ಲಿ ಅದು ಮೆಲ್ಲಗಿತ್ತೋ ಜೋರಾಗಿತ್ತೋ ನಾನು ಗಮನಿಸಲೇ ಇಲ್ಲ. ಕೆಲವು ವರ್ಷವಾದಮೇಲೆ "ಬ್ಯಾಡಿ ಅಂದ್ರೆ, ಸಾಕು ಅದು" ಅಂತ ಅಡ್ಡ ಬರೋಕೆ ಶುರು ಮಾಡಿದಳು. ನಾನೂ ಮರೆತೆ. ಮಿಷನ್ನು ಅಟ್ಟ ಸೇರಿತು. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಅಟ್ಟ ಕೆದಕೋರೂ ಇರಲಿಲ್ಲ.

ಅವಳು ಹೋದಮೇಲೆ ಒಂದು ದಿನ ಶೇವಿಂಗ್ ಮಾಡಿಕೊಳ್ಳುತ್ತಾ ಹೊಳೆಯಿತು, ನನ್ನ ಹೆಸರು ಹಿಡಿದು ಕರೆಯೋರು ಭೂಮಿ ಮೇಲೆ ಯಾರೂ ಉಳಿದಿಲ್ಲ ಅಂತ. ಅಪ್ಪ, ಅಮ್ಮ ಹೋದರು, ಅಕ್ಕಂದಿರು, ಬಾವಂದಿರು ಹೋದರು, ಜೊತೆಗೆ ಓದಿದ ಇಬ್ಬರೂ ಹೋದರು. ಕಚೇರಿ ಹತ್ತಿರ ನಾನು "ಬರಹಗಾರ್ರು". ಬೀದಿಯಲ್ಲಿ "ಸಾರ್", ಹಾಲಿನವಳಿಗೆ "ಅಣ್ಣ". ಊರಿನವರ ಹೆಸರೆಲ್ಲ ಬರೆದವನ ಹೆಸರು ಯಾರ ಬಾಯಲ್ಲೂ ಇಲ್ಲ. ಹೇಳ್ತೀನಿ ಕೇಳಿ, ಹೆಂಡತಿ ಸತ್ತ ದಿನಕ್ಕಿಂತ ಆ ದಿನ ನಾನು ಹೆಚ್ಚು ಅತ್ತೆ. ಬಿ.ಪಿ. ಮಾತ್ರೆ ತಗೊಳ್ಳೋದನ್ನೂ ಆವತ್ತೇ ಬಿಟ್ಟೆ. ದಿನಾ ಬೆಳಿಗ್ಗೆ ಅಡುಗೆಮನೆಯಿಂದ "ಮಾತ್ರೆ ತಗಂಡ್ರಾ?" ಅಂತ ಕೂಗೋಳು, ನಾನು "ತಗಂಡೆ ಕಣೇ" ಅಂತ ಸಿಡುಕೋನು. ಕೂಗೋಳೇ ಇಲ್ಲ, ಯಾವನಿಗೆ ಬೇಕು ಮಾತ್ರೆ ಅಂತ ಡಬ್ಬಿ ಮುಚ್ಚಿಟ್ಟೆ.

ಆವತ್ತು ಮಧ್ಯಾಹ್ನವೇ ಅಟ್ಟ ಹತ್ತಿದೆ. ಕ್ಯಾಸೆಟ್ಟು ಅವಳ ಹಳೇ ಸೀರೆಯೊಂದರೊಳಗೆ ಭದ್ರವಾಗಿತ್ತು. ಮಿಷನ್ನಿನ ಬೆಲ್ಟು ಬೆಲ್ಲದ ಪಾಕದ ಹಾಗೆ ಕರಗಿ ಕೂತಿತ್ತು. ಇದನ್ನೆಲ್ಲ ರಿಪೇರಿ ಮಾಡೋರು ಶಿರಾದಲ್ಲಿ ಒಬ್ಬರಿದ್ದಾರೆ ಅಂತ ಕಚೇರಿಯಲ್ಲಿ ಯಾರೋ ಹೇಳಿದರು. ಚೀಲದಲ್ಲಿ ಮಿಷನ್ನು ತುಂಬಿಕೊಂಡು ಬಸ್ಸು ಹತ್ತಿದೆ.

ಶಿರಾದ ಸಾಹೇಬರು ನನ್ನ ವಯಸ್ಸಿನವರೇ, ರೇಡಿಯೋ ಕಾಲದ ಮನುಷ್ಯ. ಬೆಲ್ಟು ಬದಲಾಯಿಸಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಹೆಡ್ ಒರೆಸಿ, ಕ್ಯಾಸೆಟ್ ಹಾಕಿದರು. ಅವಳ ದನಿ ಬಂತು. ಇಪ್ಪತ್ತೆರಡು ವರ್ಷದ ಹುಡುಗಿಯ ದನಿ. ನಿಡುಗಲ್ಲಿನ ಬೆಟ್ಟ ಇಳಿದಳು, ಮಧುಗಿರಿ ಬೆಟ್ಟ ನೋಡಿದಳು, ಕೈ ಹಿಡಿದು ತಂದೋರು ಅಂದಳು. ಆಮೇಲೆ ಟಕ್ ಅಂತ ಬಳೆ ತಾಗಿದ ಹಾಗೆ ಒಂದು ಸದ್ದು, ಬರೀ ಶೂ ಅನ್ನೋ ಗಾಳಿ, ಮತ್ತೆ ಟಕ್, ಎಲ್ಲರ ನಗು. ಹೆಸರು ಕೇಳಿಸಲೇ ಇಲ್ಲ. ಮೂರು ಸಲ ಹಾಕಿಸಿದೆ. ಮೂರು ಸಲವೂ ಅಷ್ಟೇ.

"ಶರಮ್‍ನಲ್ಲಿ ನಾಚ್ಕೊಂಡು ಮೆಲ್ಲಗೆ ಹೇಳಿರ್ತಾರೆ ಸಾಬ್" ಅಂದರು ಸಾಹೇಬರು. "ಟೇಪಲ್ಲಿ ಇದ್ದಿದ್ದು ಎಲ್ಲೂ ಹೋಗಲ್ಲ. ಈ ಸ್ಪೀಕರಿಗೆ ಅದನ್ನ ಎತ್ತೋ ತಾಕತ್ತು ಇಲ್ಲ ಅಷ್ಟೇ. ನಿಮ್ಮ ಕಂಪ್ಯೂಟರಿಗೆ ಒಳ್ಳೇ ಸೌಂಡ್ ಕಾರ್ಡ್ ಹಾಕ್ಸಿ, ಇದರಿಂದ ಅದಕ್ಕೆ ವೈರ್ ಎಳೀರಿ. ಆಮೇಲೆ ಕಂಪ್ಯೂಟರಲ್ಲಿ ಎಷ್ಟು ಬೇಕಾದ್ರೂ ಜೋರು ಮಾಡ್ಕೋಬಹುದು." ಹೊರಡುವಾಗ ಒಂದು ಮಾತು ಗಟ್ಟಿಯಾಗಿ ಹೇಳಿದರು. "ಮೈಕಿನ ತೂತಿಗೆ ಚುಚ್ಚಬೇಡಿ. ಅದು ಕೂಗಾಡ್ತದೆ. ಲೈನ್ ಇನ್ ಅಂತ ಬರೆದಿರೋದು ನೋಡ್ಕೊಂಡು ತಗೊಳ್ಳಿ."

ಹೇಳಿದ ಮಾತು ಕೇಳಿದರೆ ನಾನು ನಾನೇ ಅಲ್ಲ. ಮನೆಗೆ ಬಂದವನೇ ಮೈಕಿನ ತೂತಿಗೇ ಚುಚ್ಚಿದೆ, ಯಾಕೆಂದರೆ ನನ್ನ ಕಂಪ್ಯೂಟರಿನ ಮುಂದುಗಡೆ ಇದ್ದಿದ್ದು ಅದೊಂದೇ. ಅವಳ ದನಿ ಒಡೆದ ತಗಡು ಬಡಿದ ಹಾಗೆ ಬಂತು, ಅದರ ಮೇಲೆ ಫ್ಯಾನಿನ ಗುಂಯ್. ಮಧುಗಿರಿ ಅಂಗಡಿಗೆ ಹೋಗಿ ಛತ್ರಿ ಬಿಟ್ಟು ಬಂದದ್ದು ಆಗಲೇ. ಆಮೇಲೆ ಕೊರಟಗೆರೆಗೆ ಹೋದೆ. ಅಲ್ಲಿಯವನು ಹೆಬ್ಬೆರಳು ಗಾತ್ರದ ಒಂದು ಕಡ್ಡಿ ಕೊಟ್ಟು, "ಯು.ಎಸ್.ಬಿ.ಗೆ ಸಿಕ್ಕಿಸಿ ಸಾರ್, ಇದೇ ಸೌಂಡ್ ಕಾರ್ಡು" ಅಂದ. ನೋಡೋಕೆ ಮುದ್ದಾಗಿತ್ತು. ಸಿಕ್ಕಿಸಿದರೆ ಅದರಲ್ಲೂ ಇದ್ದಿದ್ದು ಮೈಕಿನ ತೂತೇ. ಗುಂಯ್ ಹೋಯಿತು, ಅದರ ಜೊತೆಗೆ ಮೆಲ್ಲಗಿದ್ದದ್ದೆಲ್ಲ ಹೋಯಿತು. ಜೋರು ಮಾತು ಬಂದಾಗ ಕಿವಿ ತೆರೆಯೋದು, ಮೆಲ್ಲಗಾದ ತಕ್ಷಣ ಮುಚ್ಚಿಕೊಳ್ಳೋದು ಅದರ ಗುಣ. ಹೆಸರಿನ ಜಾಗದಲ್ಲಿ ಬಾವಿಯೊಳಗಿನ ಮೌನ. ಕೊರಟಗೆರೆಯವನ ಜೊತೆ ಜಗಳವಾಡಿ ಕಡ್ಡಿ ವಾಪಸ್ ಕೊಟ್ಟೆ. "ಏನ್ ಕೇಳ್ಬೇಕು ಸಾರ್ ನಿಮ್ಗೆ ಅಷ್ಟೊಂದು?" ಅಂದ. ಹೇಳೋ ಮಾತೇ ಅದು?

ಮತ್ತೆ ಶಿರಾ ಬಸ್ಸು. ಸಾಹೇಬರು ಬೈಯಲಿಲ್ಲ, ಒಂದು ಸ್ಟೂಲು ಹಾಕಿ ಕೂರಿಸಿ ಚಾ ತರಿಸಿದರು. ಮೊಬೈಲಿನಲ್ಲಿ ಇಬ್ಬರೂ ಒಂದೊಂದೇ ನೋಡಿದೆವು. ಕ್ಯಾಬಿನೆಟ್ಟಿನೊಳಗೆ ಕೂರಿಸೋ ಕಾರ್ಡು ನೋಡೋಕೆ ಜೋರಾಗಿತ್ತು, ಆದರೆ ನನ್ನ ಕ್ಯಾಬಿನೆಟ್ಟು ಸಣ್ಣದು, ಆ ಪಟ್ಟಿ ಹಿಡಿಸೋದಿಲ್ಲ. "ಹಿಡಿಸಿದ್ರೂ ಬ್ಯಾಡ. ಒಳಗೆ ಫ್ಯಾನು, ಪವರ್ ಸಪ್ಲೈ ಎಲ್ಲಾ ಕೂಗಾಡ್ತಿರ್ತವೆ. ಸಂತೇಲಿ ಕೂತು ಗುಟ್ಟು ಕೇಳಕ್ಕಾಯ್ತದಾ? ಹೊರಗಿಡೋ ಡಬ್ಬ ತಗೊಳ್ಳಿ" ಅಂದರು. ಕೆಂಪು ಬಿಳಿ ಪಿನ್ನು ಹಾಕೋ, ಅಂಗೈಯಗಲದ ಕಪ್ಪು ಡಬ್ಬ. ಅದಕ್ಕೆ ಆರ್ಡರ್ ಹಾಕಿದೆವು. ಅವರು ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟರು. ಟೇಪಿನಲ್ಲಿ ಮಾತಿಲ್ಲದ ಖಾಲಿ ಜಾಗ ಹುಡುಕಿ, ಅದನ್ನು ಗೀಟು ಹಾಕಿ ಹಿಡಿದು, ಇದೇ ಗಲಾಟೆ ಅಂತ ಕಂಪ್ಯೂಟರಿಗೆ ತೋರಿಸಬೇಕು. ಆಗ ಅದು ಅಂಥ ಶೂ ಶಬ್ದವನ್ನೆಲ್ಲ ಇಡೀ ಟೇಪಿನಿಂದ ಗುಡಿಸಿ ಹಾಕುತ್ತದಂತೆ.

ಆರನೇ ದಿನ ಕೊರಿಯರಿನವನು ಬೀದಿಯಲ್ಲಿ ಗಾಡಿ ನಿಲ್ಲಿಸಿ ನನ್ನ ಪೂರ್ತಿ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಗಂಟಲು ಹರಿಯೋ ಹಾಗೆ ಕೂಗಿದ. ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆ "ಅಂಥೋರು ಇಲ್ಲಿ ಯಾರೂ ಇಲ್ಲ ಕಣಪ್ಪ" ಅಂದುಬಿಟ್ಟಳು. ಹನ್ನೊಂದು ವರ್ಷದ ನೆರೆ. ನಾನು ಒಳಗಿಂದ "ಇದೀನಿ, ಇದೀನಿ" ಅಂತ ಓಡಿದೆ.

ಸಾಹೇಬರು ಹೇಳಿದ ಹಾಗೆಯೇ ಎಲ್ಲ ಜೋಡಿಸಿದೆ. ಕಿವಿಗೆ ಹೆಡ್‍ಫೋನು ಹಾಕಿ ಟೇಪ್ ಬಿಟ್ಟೆ. ಅಬ್ಬಬ್ಬಾ! ಅವಳು ನನ್ನ ಪಕ್ಕದಲ್ಲೇ ನಿಂತ ಹಾಗಿತ್ತು. ಒಗಟಿಗೆ ಮುಂಚೆ ಅವಳು ಉಗುಳು ನುಂಗಿದ್ದು ಕೇಳಿಸಿತು. ದೊಡ್ಡಕ್ಕನ ಕಾಲುಂಗುರ ಕೇಳಿಸಿತು. ನಮ್ಮಮ್ಮ ಯಾರಿಗೋ "ಸುಮ್ಕಿರ್ಲಾ" ಅಂತ ಗದರಿದ್ದು, ಈ ಮೂವತ್ತು ವರ್ಷದಲ್ಲಿ ಯಾರಿಗೂ ಕೇಳಿಸದೇ ಇದ್ದದ್ದು, ಅದೂ ಕೇಳಿಸಿತು. ಕೈ ಹಿಡ್ದು ತಂದೋರು... ಟಕ್. ಶೂ. ಟಕ್. ನಗು.

ಇಷ್ಟು ಒಳ್ಳೇ ಕಾರ್ಡಿಗೂ ಸಿಗದ ಹೆಸರು ಎಂಥದ್ದು ಅಂತ ಟೇಬಲ್ಲು ಗುದ್ದಿದೆ. ಆಮೇಲೆ, ಮೊದಲು ಶೂ ಹೋಗಲಿ, ಅದರ ಕೆಳಗಿರುತ್ತದೆ ಹೆಸರು ಅಂದುಕೊಂಡೆ. ಇಡೀ ಟೇಪಿನಲ್ಲಿ ಮಾತಿಲ್ಲದ ಜಾಗ ಅಂತ ಇದ್ದದ್ದು ಆ ಎರಡು ಟಕ್ಕಿನ ನಡುವೆ ಮಾತ್ರ, ಒಂಬತ್ತು ಸೆಕೆಂಡು. ಅದರಲ್ಲಿ ಕಡೆಯ ಒಂದು ತುಣುಕನ್ನು ಗಲಾಟೆ ಅಂತ ತೋರಿಸೋಣ ಎಂದು ಮೌಸಿನಲ್ಲಿ ಗೀಟು ಹಾಕಿದೆ. ಒತ್ತುವ ಮುಂಚೆ, ಅಲ್ಲಿ ನಿಜವಾಗಿ ಏನೂ ಇಲ್ಲವಾ ಅಂತ ನೋಡೋಕೆ ಆ ತುಣುಕನ್ನಷ್ಟೇ ಪೂರ್ತಿ ಜೋರು ಮಾಡಿ ಕೇಳಿದೆ.

ದೂರದಲ್ಲಿ ಕುಕ್ಕರು ಕೂಗಿತು. ಮದುವೆ ಮನೆಯಲ್ಲಿ ಕುಕ್ಕರೆಲ್ಲಿಂದ ಬಂತು? ಕೊಪ್ಪರಿಗೆಯಲ್ಲಿ ಅನ್ನ ಬೇಯಿಸಿದ ಮದುವೆ ಅದು. ಇನ್ನೊಂದು ಸಲ ಕೇಳಿದೆ. ಹತ್ತಿರದಲ್ಲಿ ಯಾರೋ ಉಸಿರು ಬಿಗಿ ಹಿಡಿದಿದ್ದಾರೆ. ಆಮೇಲೆ ಪಿಸುಮಾತು, ಅವಳದೇ.

"ಆಯ್ತೇನೇ?"

"ಇನ್ನೊಂಚೂರಕ್ಕ" ಅಂತ ಇನ್ನೊಂದು ದನಿ. ಟಕ್.

ಆ ಟಕ್ಕು ಬಳೆಯದಲ್ಲ. ಟೇಪ್ ರೆಕಾರ್ಡರಿನ ಗುಂಡಿಯದು. ಹೆಸರು ಮೆಲ್ಲಗಿರಲಿಲ್ಲ. ಹೆಸರನ್ನು ಯಾರೋ ಕೂತು ಅಳಿಸಿದ್ದರು, ಮತ್ತು ಆ ಯಾರೋ ನನ್ನ ಹೆಂಡತಿ.

"ಅಕ್ಕ" ಅಂದ ದನಿ ನನ್ನ ನಾದಿನಿಯದು, ಅವಳು ಪಾವಗಡದಲ್ಲಿದ್ದಾಳೆ. ಫೋನ್ ಹಚ್ಚಿದೆ. ಕ್ಯಾಸೆಟ್ಟಿನ ಮಾತೆತ್ತಿದ್ದಕ್ಕೇ ಅವಳು ಮಳೆ ಬೆಳೆ ಅಂತ ಮಾತು ತಿರುಗಿಸಿದಳು. ನಾನು ದನಿ ಏರಿಸಿದೆ. "ರೇಗ್‍ಬ್ಯಾಡಿ ಬಾವ, ಇದಕ್ಕೇ ಕಣ್ರೀ ಅಕ್ಕ ನಿಮ್ಗೆ ಹೇಳ್ದೆ ಇದ್ದಿದ್ದು" ಅಂದಳು. ಆಮೇಲೆ ಒಂದೊಂದಾಗಿ ಹೇಳಿದಳು.

ಮದುವೆಯಾದ ಏಳನೇ ವರ್ಷ ನನಗೆ ಕಾಮಾಲೆ ಆಗಿತ್ತು. ತುಮಕೂರಿನಲ್ಲಿ ಇಪ್ಪತ್ತು ದಿನ ಮಲಗಿದ್ದೆ, ಉಳಿಯೋದು ಕಷ್ಟ ಅಂತ ಡಾಕ್ಟರು ಇವಳಿಗೆ ಹೇಳಿದ್ದರಂತೆ. ಬಟ್ಟೆ ತರೋಕೆ ಮನೆಗೆ ಬಂದವಳು, ಜೊತೆಗಿದ್ದ ತಂಗಿ ಕೈ ಹಿಡಿದುಕೊಂಡು ಅತ್ತಳಂತೆ. "ಬಂದೋರಿಗೆಲ್ಲ ಆ ಟೇಪ್ ಹಾಕಿ ಹಾಕಿ ಕೇಳಿಸಿದ್ವಲ್ಲೇ. ಹೊಸಲ ಮ್ಯಾಲೆ ಒಂದ್ಸಲ ಹೇಳಿದ್ದಕ್ಕೆ ದೋಸ ಇಲ್ಲ. ಅದು ಅಷ್ಟು ಸಲ ಕೂಗಿದ್ರೆ, ಅಷ್ಟು ಸಲ ನಾನೇ ಹೇಳ್ದಂಗಲ್ವೇನೇ? ಎಷ್ಟು ಆಯಸ್ಸು ತಿಂದ್ಬುಟ್ನೋ ಅವರ್ದು!" ಅಂದಳಂತೆ. ಮಧ್ಯಾಹ್ನ, ಒಲೆ ಮೇಲೆ ಆಸ್ಪತ್ರೆಗೆ ಒಯ್ಯೋ ಗಂಜಿಯ ಕುಕ್ಕರು ಕೂಗುತ್ತಿತ್ತು. ಇಬ್ಬರೂ ಹೆಸರಿನ ಜಾಗ ಹುಡುಕಿ, ರೆಕಾರ್ಡಿನ ಗುಂಡಿ ಒತ್ತಿ, ಉಸಿರು ಬಿಗಿ ಹಿಡಿದು ಕೂತರಂತೆ.

"ಮೂರನೇ ದಿನಕ್ಕೆ ನಿಮ್ಗೆ ಜ್ವರ ಬಿಡ್ತು ಬಾವ. ಅಕ್ಕಂಗೆ ಆವತ್ತಿಂದ ಅದೇ ನಂಬ್ಕೆ. ಆಸ್ಪತ್ರೆ ಔಷ್ಧಿ ಅಂತ ನೀವು ಅಂದ್ಕಂಡ್ರಿ, ಅನ್ಕಳ್ಳಿ ಬುಡು ಅಂದ್ಲು."

ಹೊಂಗೆ ಮರದ ಕೆಳಗೆ ಎಷ್ಟು ಜನ ಹೆಂಗಸರನ್ನು ಬೈದು ಕಳಿಸಿದ್ದೆನೋ, ಅವರೆಲ್ಲ ಸೆರಗು ಬಾಯಿಗೆ ಹಿಡಿದು ಕಣ್ಣ ಮುಂದೆ ನಿಂತರು. "ಒಗಟು ನಂಗೆ ಬಾಯಿಪಾಠ ಐತೆ ಬಾವ, ಹೇಳ್ಲಾ?" ಅಂದಳು ನಾದಿನಿ. ಹೇಳಿದಳು. ಬೆಟ್ಟ ಇಳಿದಳು, ಬೆಟ್ಟ ನೋಡಿದಳು, ಕೈ ಹಿಡಿದು ತಂದೋರು ಅಂದಳು, ಅಲ್ಲಿಗೆ ನಿಲ್ಲಿಸಿದಳು. "ಅಕ್ಕನೇ ಅಳಿಸಿದ್ದನ್ನ ನಾನೆಂಗೆ ಹೇಳ್ಲಿ ಬಾವ" ಅಂದಳು. ಬಲವಂತ ಮಾಡಲಿಲ್ಲ.

ಪತ್ರದಲ್ಲಿ ಖಾಲಿ ಜಾಗ ಬಿಡಬಾರದು, ಬಿಟ್ಟರೆ ಅದರ ಮೇಲೆ ಅಡ್ಡಗೆರೆ ಎಳೆಯಬೇಕು, ಇಲ್ಲದಿದ್ದರೆ ಯಾರಾದರೂ ಏನಾದರೂ ಸೇರಿಸುತ್ತಾರೆ. ಅದು ನಮ್ಮ ಕಸುಬಿನ ಮೊದಲ ಪಾಠ. ಈ ಒಂಬತ್ತು ಸೆಕೆಂಡಿಗೆ ನಾನು ಗೆರೆ ಎಳೆಯಲಿಲ್ಲ. ಗಲಾಟೆ ಅಂತ ಕಂಪ್ಯೂಟರಿಗೆ ತೋರಿಸಲೂ ಇಲ್ಲ. ಶೂ ಶಬ್ದ ಇದ್ದ ಹಾಗೇ, ಕುಕ್ಕರು ಕೂಗಿದ ಹಾಗೇ, ಪೂರ್ತಿ ಟೇಪನ್ನು ಉಳಿಸಿಕೊಂಡೆ. ಕೇಳಬೇಕು ಅಂತ ಊರೂರು ಅಲೆದ ಹೆಸರು ಇನ್ನು ಯಾವ ಕಾರ್ಡಿನಲ್ಲೂ ಕೇಳಿಸೋದಿಲ್ಲ. ಅದು ನನಗೆ ಈಗಲೂ ದುಃಖವೇ, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಬೆಳಿಗ್ಗೆ ಮಾತ್ರೆ ಡಬ್ಬಿ ಹುಡುಕಿ ತೆಗೆದೆ. ತಾರೀಕು ಮುಗಿದಿತ್ತು. ಔಷಧಿ ಅಂಗಡಿ ಬಾಗಿಲು ತೆಗೆಯೋವರೆಗೂ ಮೆಟ್ಟಿಲ ಮೇಲೆ ಕೂತಿದ್ದು ಹೊಸದು ತಂದೆ. ಅವಳು ಉಸಿರು ಹಿಡಿದು ಕೂತು ಉಳಿಸಿದ್ದನ್ನು ನಾನು ಪೋಲು ಮಾಡೋಕಾಗುತ್ತದಾ? ನೀರು ಕುಡಿದು, ನುಂಗಿ, "ತಗಂಡೆ ಕಣೇ" ಅಂತ ಅಡುಗೆಮನೆ ಕಡೆ ತಿರುಗಿ ಹೇಳಿದೆ. ಆಮೇಲೆ ಲೋಟ ತೊಳೆದಿಟ್ಟೆ.